ಅಪ್ಪನ ಲೆಕ್ಕದ ಪುಸ್ತಕದಲ್ಲಿ ಕಳೆ ಕೂಲಿ ಹೋಗಿ ಕಳೆ ಔಷಧಿ ಬಂದಿದೆ: ಮುಸುಕಿನ ಜೋಳದ ಹೊಲದಲ್ಲಿ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ?

ಯಲಹಂಕ ಉಪನಗರ

ಕೃಷಿ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ. ನಾನಿರುವುದು ಯಲಹಂಕದಲ್ಲಿ, ಊರು ದೊಡ್ಡಬಳ್ಳಾಪುರದ ಆಚೆ. ಮಳೆ ನಂಬಿದ ಮೂರು ಎಕರೆ ಜಮೀನನ್ನು ಅಪ್ಪನೇ ನೋಡಿಕೊಳ್ಳುತ್ತಾರೆ. ಕಳೆದ ವಾರ ಅಟ್ಟ ಗುಡಿಸಲು ಹತ್ತಿದಾಗ ಅವರ ಹಳೆಯ ಲೆಕ್ಕದ ಪುಸ್ತಕಗಳು ಸಿಕ್ಕವು. ಇಲಿ ತಿಂದದ್ದನ್ನು ಬಿಟ್ಟರೆ 1997ರಿಂದ ಈಚೆಗೆ ಎಲ್ಲವೂ ಇದೆ.

1997ರ ಮುಂಗಾರಿನ ಪುಟದಲ್ಲಿ ಹೀಗಿದೆ: "ಜೋಳದ ಹೊಲ ಎಡೆ ಹೊಡೆದದ್ದು 2 ಸಲ. ಕಳೆ ತೆಗೆದ ಹೆಣ್ಣಾಳು 22. ಎಲೆ ಅಡಿಕೆ ಬೇರೆ." ಔಷಧಿಯ ಸುದ್ದಿಯೇ ಇಲ್ಲ. 2008ರಲ್ಲಿ ಮೊದಲ ಬಾರಿಗೆ "ಹುಲ್ಲಿನ ಪುಡಿ 2 ಪ್ಯಾಕೆಟ್", ಹೆಣ್ಣಾಳು 9. 2015ರಲ್ಲಿ ಪುಡಿ 3 ಪ್ಯಾಕೆಟ್, ಹೆಣ್ಣಾಳು 4. ಹೋದ ವರ್ಷ ಬಿತ್ತಿದ ಮರುದಿನ ಪುಡಿ, ಇಪ್ಪತ್ತನೆಯ ದಿನಕ್ಕೆ ಎರಡು ಬಗೆಯ ಬಾಟಲಿ, ಬದುವಿಗೆ ಇನ್ನೊಂದು. ಹೆಣ್ಣಾಳಿನ ಸಾಲಿನಲ್ಲಿ ಬರೀ ಗೀಟು ಎಳೆದಿದ್ದಾರೆ.

"ಮೊದಲಿನ ಔಷಧಿಯ ಸತ್ವ ಈಗಿನದಕ್ಕಿಲ್ಲ" ಎಂಬುದು ಅಪ್ಪನ ಮಾತು. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಇದು ನಮ್ಮ ಹೊಲದ ಕಥೆ ಮಾತ್ರವೋ, ಎಲ್ಲ ಕಡೆಯೂ ಹೀಗೆಯೋ? ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆಯೇ?

ಕುಂಟೆ ಕೂರಿಗೆ

ಎತ್ತು ಮಾರಿದ್ದು ಯಾವ ವರ್ಷ ಎಂದು ಆ ಪುಸ್ತಕದಲ್ಲಿ ನೋಡಿ. ಉತ್ತರ ಅಲ್ಲಿದೆ.

ಯಲಹಂಕ ಉಪನಗರ

ನೋಡಿದೆ ಸಾರ್. 2007ರ ಮಾರ್ಚಿ. ಮೈ ಜುಮ್ಮೆಂದಿತು.

ಕುಂಟೆ ಕೂರಿಗೆ

ಅದರಲ್ಲಿ ಜುಮ್ಮೆನ್ನುವುದೇನೂ ಇಲ್ಲ. ನಮ್ಮ ಮನೆಯಲ್ಲಿ 2004. ಸಾಲಿನ ನಡುವೆ ಎತ್ತು ಕಟ್ಟಿ ಎಡೆಕುಂಟೆ ಹಾಯಿಸಿದರೆ ಕಳೆಯ ಮುಕ್ಕಾಲು ಪಾಲು ಅಲ್ಲೇ ಸಾಯುತ್ತದೆ, ಬುಡಕ್ಕೆ ಮಣ್ಣೂ ಬೀಳುತ್ತದೆ. ಬುಡದ ಪಕ್ಕದ್ದನ್ನು ಮಾತ್ರ ಕೈಯಲ್ಲಿ ಕೀಳಬೇಕು. ಎತ್ತು ಹೋದ ಮೇಲೆ ಪೂರ್ತಿ ಹೊಲವನ್ನು ಕೈಯಲ್ಲಿ ಕೀಳಿಸಬೇಕಾಯಿತು. ಅಷ್ಟು ಆಳನ್ನು ಎಲ್ಲಿಂದ ತರುವುದು? ಟ್ರ್ಯಾಕ್ಟರ್ ಬಿತ್ತಿ ಕೊಡುತ್ತದೆ, ಮೊಣಕಾಲೆತ್ತರದ ಜೋಳದ ನಡುವೆ ಎಡೆ ಹೊಡೆದು ಕೊಡುವುದಿಲ್ಲ.

ಅಂಗಡಿ ಕಟ್ಟೆ

ದೇವನಹಳ್ಳಿ ಕಡೆ ಗೊಬ್ಬರ, ಔಷಧಿಯ ಅಂಗಡಿ ಇಟ್ಟಿದ್ದೇನೆ. ಮಾರುವವನ ಮಾತು ಎಂದು ಬೇಕಾದರೆ ಅರ್ಧ ನಂಬಿ.

"ಹುಲ್ಲಿನ ಪುಡಿ" ಎಂದರೆ ಅಟ್ರಜಿನ್ ಎಂಬ ಕಳೆನಾಶಕದ ಶೇಕಡಾ 50ರ ಪುಡಿ. ಎಕರೆಗೆ 400ರಿಂದ 800 ಗ್ರಾಂ ಹಾಕಬೇಕು. ಅರ್ಧ ಕೆಜಿಯ ಪ್ಯಾಕೆಟ್ ಎಂದುಕೊಂಡರೆ 2008ರಲ್ಲಿ ಮೂರು ಎಕರೆಗೆ ಒಂದು ಕೆಜಿ ಹಾಕಿದ್ದಾರೆ. ಅದು ಕಡಿಮೆಯಾಯಿತು. 2015ರದ್ದು ಸರಿಯಾದ ಅಳತೆ. ಆದ್ದರಿಂದ "ಡೋಸ್ ಏರಿದೆ" ಎಂದು ಈ ಲೆಕ್ಕದಿಂದ ಹೇಳಲಾಗದು.

ಇನ್ನೊಂದು: ಹೋದ ವರ್ಷದ ಆ "ಎರಡು ಬಗೆಯ ಬಾಟಲಿ"ಯ ಮೇಲೆ ಏನು ಬರೆದಿದೆ, ನೋಡಿ ಹೇಳುತ್ತೀರಾ?

ಯಲಹಂಕ ಉಪನಗರ

ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಬಾಟಲಿಗಳು ಇನ್ನೂ ದನದ ಕೊಟ್ಟಿಗೆಯ ಸೂರಿನಲ್ಲೇ ಇವೆಯಂತೆ. ಒಂದು ಟೆಂಬೋಟ್ರಯೋನ್. ಇನ್ನೊಂದರ ಮೇಲೆ ಔಷಧಿಯ ಹೆಸರಿಲ್ಲ, ಸರ್ಫ್ಯಾಕ್ಟಂಟ್ ಎಂದಿದೆ.

ಅಂಗಡಿ ಕಟ್ಟೆ

ಅಂದುಕೊಂಡೆ. ಟೆಂಬೋಟ್ರಯೋನ್ ಕಳೆ ಔಷಧಿ ಹೌದು, ಸರ್ಫ್ಯಾಕ್ಟಂಟ್ ಔಷಧಿಯಲ್ಲ. ಹನಿ ಎಲೆಯ ಮೇಲೆ ಜಾರದೆ ಹರಡಿಕೊಳ್ಳಲಿ ಎಂದು ಜೊತೆಗೆ ಕೊಡುವ ದ್ರಾವಣ, ಸೋಪಿನ ಜಾತಿಯದು. ಹಾಗಾಗಿ ಜೋಳದ ಸಾಲಿಗೆ ನಿಮ್ಮ ಅಪ್ಪ ಹೊಡೆದದ್ದು ಪುಡಿಯೂ ಸೇರಿ ಎರಡು ಔಷಧಿ ಮಾತ್ರ. ಖಾಲಿ ಬಾಟಲಿಯನ್ನು ಕೊಟ್ಟಿಗೆಯಲ್ಲಿ ಇಡಬೇಡಿ ಎಂದು ದಯವಿಟ್ಟು ಹೇಳಿ. ಅದರಲ್ಲಿ ಎಣ್ಣೆ ತುಂಬಿಸಿಟ್ಟವರನ್ನೂ ನೋಡಿದ್ದೇನೆ.

ಹಳೇ ಮೇಷ್ಟ್ರು

ಅಂಗಡಿಯವರು ಸರಿಯಾಗಿಯೇ ಹಿಡಿದಿದ್ದಾರೆ. ಆದರೆ ಪ್ರಶ್ನೆ ಒಂದು ಹೊಲದ್ದಲ್ಲವಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಅಪ್ಪ 1997ರಿಂದ ಬರೆದ ಪುಸ್ತಕವನ್ನು ಅಮೆರಿಕದ ಜೋಳದ ರೈತರು ಎರಡನೆಯ ಮಹಾಯುದ್ಧ ಮುಗಿದೊಡನೆ ಬರೆಯಲು ಶುರು ಮಾಡಿದ್ದರು. 2,4-ಡಿ ಎಂಬ ಕಳೆನಾಶಕ ಆಗ ಮಾರುಕಟ್ಟೆಗೆ ಬಂತು. ಅಗಲ ಎಲೆಯ ಕಳೆ ಮುರುಟಿಕೊಂಡು ಸಾಯುತ್ತದೆ, ಜೋಳ ಹುಲ್ಲಿನ ಜಾತಿಯಾದ್ದರಿಂದ ಉಳಿಯುತ್ತದೆ. ಆದರೂ 1952ರಲ್ಲಿ ಅಲ್ಲಿನ ಜೋಳದ ನೆಲದಲ್ಲಿ ನೂರಕ್ಕೆ ಹತ್ತರಷ್ಟಕ್ಕೆ ಮಾತ್ರ ಕಳೆನಾಶಕ ಬೀಳುತ್ತಿತ್ತು. 1980ರ ಹೊತ್ತಿಗೆ ಅದು ತೊಂಬತ್ತು ದಾಟಿತು. ಮೂವತ್ತು ವರ್ಷ ಸಾಕಾಯಿತು.

ನಡುವೆ ಬಂದದ್ದು ಅಟ್ರಜಿನ್, 1958ರಲ್ಲಿ. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯವರದ್ದು. ಇದು ಬೇರಿನಿಂದ ಮೇಲೇರಿ ಎಲೆಯ ಹಸಿರಿನೊಳಗೆ ಬೆಳಕಿನ ಕೆಲಸವನ್ನು ತಡೆಯುತ್ತದೆ. ಗಿಡ ಬಿಸಿಲಲ್ಲಿ ನಿಂತೇ ಬೆಂದುಹೋಗುತ್ತದೆ. ಮುಸುಕಿನ ಜೋಳದಲ್ಲಿ ಈ ರಾಸಾಯನಿಕವನ್ನು ಕಟ್ಟಿಹಾಕಿ ಅರಗಿಸಿಕೊಳ್ಳುವ ಕಿಣ್ವ ಇದೆ. ಆದ್ದರಿಂದಲೇ ಬಿತ್ತಿದ ಮರುದಿನ ಹೊಡೆದರೂ ಬೆಳೆಗೆ ಏನೂ ಆಗುವುದಿಲ್ಲ. ಬೆಳೆ ಮತ್ತು ಔಷಧಿ ಇಷ್ಟು ಚೆನ್ನಾಗಿ ಕೂಡಿಬಂದ ಜೋಡಿ ಬೇರೆ ಕಡಿಮೆ, ಅರವತ್ತು ವರ್ಷ ದಾಟಿದರೂ ಅದು ಅಂಗಡಿಯಲ್ಲಿರುವುದು ಹೀಗಾಗಿ.

ಕಳೆ ಸುಮ್ಮನೆ ಕೂರಲಿಲ್ಲ. ಇದೇ ಗುಂಪಿನ ಔಷಧಿಗೆ ಬಗ್ಗದ ಮೊದಲ ಕಳೆ 1968ರಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ನರ್ಸರಿಯಲ್ಲಿ ಕಂಡಿತು. ಆಮೇಲೆ ಬೆಳೆ, ಕಳೆ ಎನ್ನದೆ ಕೊಲ್ಲುವ ಗ್ಲೈಫೋಸೇಟ್ ಯುಗ. ಆ ಔಷಧಿ ಸಿಂಪಡಿಸಿದರೂ ಸಾಯದ ಸೋಯಾ 1996ರಲ್ಲಿ, ಜೋಳ 1998ರಲ್ಲಿ ಬಂತು. ಕಳೆಯ ತಲೆನೋವು ಮುಗಿಯಿತೆಂದು ಅವರು ನಿಟ್ಟುಸಿರು ಬಿಟ್ಟರು. 2000ದಲ್ಲಿ ಡೆಲವೇರ್‌ನಲ್ಲಿ ಒಂದು ಕಳೆ, 2005ರಲ್ಲಿ ಜಾರ್ಜಿಯಾದಲ್ಲಿ ಇನ್ನೊಂದು ಗ್ಲೈಫೋಸೇಟಿಗೂ ಜಗ್ಗಲಿಲ್ಲ. ಈ ಎರಡನೆಯದು ಯಾವುದು ಗೊತ್ತೇ? ನಮ್ಮ ದಂಟು, ಕೀರೆಯ ದಾಯಾದಿ, ಅಮರಾಂತಸ್ ಪಾಮೆರಿ. ಈಗ ಅವರು ಹಳೆಯ ಅಟ್ರಜಿನ್, ಹಳೆಯ 2,4-ಡಿ, ಹೊಸ ಟೆಂಬೋಟ್ರಯೋನ್ ಜಾತಿಯವು ಎಲ್ಲವನ್ನೂ ಬೆರೆಸಿ ಹೊಡೆಯುತ್ತಿದ್ದಾರೆ.

ಬೆರಕೆ ಸೊಪ್ಪು

ಅಮೆರಿಕದವರನ್ನು ನಡುಗಿಸುವ ಕಳೆ ಕೀರೆ ಸೊಪ್ಪಿನ ದಾಯಾದಿಯೇ! ಮಲ್ಲೇಶ್ವರದ ಹದಿನೈದನೇ ಅಡ್ಡರಸ್ತೆಗೆ ಕಳಿಸಿಕೊಡಿ. ಬೇಳೆ ಹಾಕಿ ಮಸ್ಸೊಪ್ಪು ಮಾಡಿ ಮುಗಿಸುತ್ತೇವೆ.

ಲೆಕ್ಕಿಗ

ಮೇಷ್ಟ್ರೇ, ಒಂದು ತಕರಾರು. ಬಳಕೆ ಏರುತ್ತಲೇ ಇದೆ ಎಂಬ ಧ್ವನಿ ನಿಮ್ಮ ಮಾತಿನಲ್ಲಿದೆ. ಅಮೆರಿಕದ ಕೃಷಿ ಇಲಾಖೆ 21 ಬೆಳೆಗಳಿಗೆ ಹಾಕಿದ ಕೀಟನಾಶಕ, ಕಳೆನಾಶಕ ಎಲ್ಲದರ ಲೆಕ್ಕ ಇಟ್ಟಿದೆ. 1960ರಲ್ಲಿ 19.6 ಕೋಟಿ ಪೌಂಡ್, 1981ರಲ್ಲಿ 63.2 ಕೋಟಿ, 2008ರಲ್ಲಿ 51.6 ಕೋಟಿ. ಅಂದರೆ 1981ರ ನಂತರ ಇಳಿದಿದೆ. ಅಂಕಿ ಅಂಶ ಹೀಗಿರುವಾಗ ಗಾಬರಿ ಯಾಕೆ?

ಹಳೇ ಮೇಷ್ಟ್ರು

ಅಂಕಿ ಸರಿ. ಅದೇ ಲೆಕ್ಕದಲ್ಲಿ ಕಳೆನಾಶಕದ ಪಾಲು 1960ರಲ್ಲಿ ಶೇಕಡಾ 18, 1981ರಲ್ಲಿ 76 ಎಂಬುದನ್ನೂ ಓದಿ.

ಇನ್ನು ತೂಕದ ವಿಷಯ. ಅಟ್ರಜಿನ್ ಹೆಕ್ಟೇರಿಗೆ ಅರ್ಧದಿಂದ ಒಂದು ಕೆಜಿ ಸಕ್ರಿಯ ಅಂಶ, ಅಂದರೆ ಪುಡಿಯೊಳಗಿನ ನಿಜವಾದ ಔಷಧಿ, ಬೇಕು. ಟೆಂಬೋಟ್ರಯೋನ್ 120 ಗ್ರಾಂ. ಟೋಪ್ರಮೆಜೋನ್ ಎಂಬ ಇನ್ನೊಂದು ಹೊಸದು ಬರೀ 25 ಗ್ರಾಂ. ಹೊಸದಕ್ಕೆ ಹೋದಂತೆ ತಕ್ಕಡಿ ತಾನಾಗಿಯೇ ಮೇಲೇಳುತ್ತದೆ. ಸಾರಿಗೆ ಹುಣಸೆಹಣ್ಣು ನಿಂಬೆ ಗಾತ್ರ, ಇಂಗು ಕಡಲೆಕಾಳಿನ ಗಾತ್ರ. ತೂಕ ನೋಡಿ ಸಾರಿನಲ್ಲಿ ಇಂಗು ಇಲ್ಲವೇ ಇಲ್ಲ ಎನ್ನುತ್ತೀರಾ?

ಕೇಳಬೇಕಾದ್ದು ಎಷ್ಟು ಕೆಜಿ ಎಂದಲ್ಲ. ಎಷ್ಟು ಸಲ, ಎಷ್ಟು ಬಗೆ, ಮತ್ತು ಔಷಧಿ ಇಲ್ಲದೆ ಬೆಳೆ ತೆಗೆಯಬಲ್ಲವರು ಎಷ್ಟು ಜನ ಉಳಿದಿದ್ದಾರೆ ಎಂದು.

ಲೆಕ್ಕಿಗ

ಇಂಗಿನ ಉದಾಹರಣೆ ಒಪ್ಪಿದೆ. ಆದರೆ ಕೊನೆಯ ಸಾಲು ಭಾವನೆ, ಅಂಕಿಯಲ್ಲ.

ಹಾವೇರಿಯವನು, ಈಗ ಪೀಣ್ಯ

ಮೊದಲು ಒಂದು ತಿದ್ದುಪಡಿ. ಅದು ಗೋವಿನ ಜೋಳ. ಜೋಳ ಎಂದರೆ ರೊಟ್ಟಿಯ ಜೋಳ, ಬಿಳಿಜೋಳ. ನೀವು ಬೆಂಗಳೂರಿನವರು ಸುಮ್ಮನೆ "ಜೋಳ" ಎಂದು ಬರೆದರೆ ನಮ್ಮ ಕಡೆಯವರು ಬೇರೆ ಬೆಳೆ ಎಂದುಕೊಳ್ಳುತ್ತಾರೆ.

ಅಂಗಡಿ ಕಟ್ಟೆ

ದಾವಣಗೆರೆಯವರು ಮೆಕ್ಕೆಜೋಳ ಎನ್ನುತ್ತಾರೆ. ಚೀಲದ ಮೇಲೆ ಮೂರನ್ನೂ ಬರೆಯಬೇಕು ನಾವು.

ಕುಂಟೆ ಕೂರಿಗೆ

ಗೋವು ತಿಂದರೂ ಕೋಳಿ ತಿಂದರೂ ಅದೇ ಕಾಳು. ಮುಂದೆ ಹೇಳಪ್ಪ.

ಹಾವೇರಿಯವನು, ಈಗ ಪೀಣ್ಯ

ನಮ್ಮಲ್ಲಿ ಕಣ್ಣು ಹಾಯುವಷ್ಟೂ ಅದೊಂದೇ ಬೆಳೆ. ಹಿಂದೆ ಹತ್ತಿ, ಶೇಂಗಾ, ಬಿಳಿಜೋಳ ಸುತ್ತು ಹಾಕುತ್ತಿದ್ದವು. ವರ್ಷ ವರ್ಷ ಅದೇ ಬೆಳೆ, ಅದೇ ಪುಡಿ. ಅಟ್ರಜಿನ್ ಅಗಲ ಎಲೆಯ ಕಳೆಯನ್ನು ಚೆನ್ನಾಗಿ ತೆಗೆಯುತ್ತದೆ, ಜೇಕಿನ ಗಡ್ಡೆಯನ್ನು ಮುಟ್ಟುವುದಿಲ್ಲ, ಗರಿಕೆಗೂ ಏನೂ ಆಗುವುದಿಲ್ಲ. ಹತ್ತು ವರ್ಷ ಹಾಗೆ ಮಾಡಿದರೆ ಹೊಲದಲ್ಲಿ ಉಳಿಯುವುದು ಜೇಕು, ಗರಿಕೆ ಮಾತ್ರ. ಅಣ್ಣೆಸೊಪ್ಪು, ಗೋಣಿಸೊಪ್ಪು ಹುಡುಕಿದರೂ ಸಿಗುವುದಿಲ್ಲ. ಆಗ "ಪುಡಿಯ ಸತ್ವ ಹೋಯಿತು" ಎನ್ನುತ್ತೇವೆ. ಪುಡಿ ತನ್ನ ಕೆಲಸ ಮಾಡಿ ಮುಗಿಸಿದೆ, ಅದಕ್ಕೆ ಆಗದ ಕೆಲಸ ಉಳಿದಿದೆ ಅಷ್ಟೇ. ನಿಮ್ಮ ತಂದೆಯವರಿಗೆ ಇದನ್ನು ಹೇಳಿ.

ಟೆಂಬೋಟ್ರಯೋನ್ ಬಂದ ಹೊಸತರಲ್ಲಿ ನಮ್ಮೂರಿನವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಹೊಡೆದ ನಾಲ್ಕೈದು ದಿನಕ್ಕೆ ಕಳೆಯ ಸುಳಿ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಾಗುತ್ತದೆ. ಹಸಿರು ಜೋಳ, ನಡುವೆ ಬಿಳಿ ಹುಲ್ಲು. ನಮ್ಮ ಅಜ್ಜ "ಹುಲ್ಲಿಗೂ ಮುಪ್ಪು ಬಂತು" ಎಂದಿದ್ದ.

ದೊಡ್ಡಿ ಮಗಳು

ಇಷ್ಟು ಹೊತ್ತಿನಿಂದ "ಆಳು ಸಿಗುವುದಿಲ್ಲ, ಆಳು ಸಿಗುವುದಿಲ್ಲ" ಎಂದು ಓದುತ್ತಿದ್ದೇನೆ. ಆ ಪುಸ್ತಕದ "ಹೆಣ್ಣಾಳು 22"ರಲ್ಲಿ ಒಬ್ಬಳು ನನ್ನ ಅಮ್ಮನಂಥವಳು.

ಅಮ್ಮ ಹದಿನೆಂಟು ವರ್ಷ ಬೇರೆಯವರ ಹೊಲದಲ್ಲಿ ಕಳೆ ಕಿತ್ತರು. ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದರೆ ಊಟದ ಹೊತ್ತಿಗೆ ಏಳುವುದು. ಜೋಳದ ಎಲೆಯ ಅಂಚು ತೋಳನ್ನು ಗೀರುತ್ತದೆ, ಬೆವರು ಅದರೊಳಗೆ ಇಳಿಯುತ್ತದೆ. ಸಂಜೆ ಮನೆಗೆ ಬಂದು ತೋಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು, ಆ ವಾಸನೆ ಈಗಲೂ ನನಗೆ ಜೋಳದ ಹೊಲದ ವಾಸನೆಯೇ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಬಸ್ ನಮ್ಮೂರಿನ ಅರಳಿಕಟ್ಟೆಗೆ ಬರಲು ಶುರುವಾದಾಗ ಅಕ್ಕ, ನಾನು, ನಮ್ಮ ಓರಗೆಯ ಹುಡುಗಿಯರು ಹತ್ತಿದೆವು. ಯಾರಾದರೂ ಹತ್ತದೆ ಇರುತ್ತಾರೆಯೇ? ಉದ್ಯೋಗ ಖಾತ್ರಿಯಿಂದ ಆಳು ಸೋಮಾರಿಯಾದರು ಎಂದು ಮುಂದೆ ಯಾರಾದರೂ ಬರೆಯುತ್ತೀರಿ, ಗೊತ್ತು. ಬರೆಯುವ ಮುನ್ನ ಒಂದು ದಿನ ಕಾಲು ಎಕರೆ ಕಳೆ ಕಿತ್ತು ಬನ್ನಿ.

ಇನ್ನೊಂದು ಮುಖವೂ ಇದೆ. ಬಸ್ ಹತ್ತಲಾಗದ ವಯಸ್ಸಾದವರು, ಗಂಡನಿಲ್ಲದವರು ಊರಲ್ಲೇ ಉಳಿದರು. ಅವರಿಗೆ ವರ್ಷದಲ್ಲಿ ಎರಡು ತಿಂಗಳ ಕಳೆ ಕೂಲಿಯೇ ಗಟ್ಟಿ ದುಡ್ಡು. ಪುಡಿ ಬಂದ ವರ್ಷ ಅದೂ ನಿಂತಿತು. ಹೊಲದವರು ಆಳು ಇಲ್ಲ ಎಂದು ಪುಡಿ ತಂದರು, ಪುಡಿ ಇದೆ ಎಂದು ಉಳಿದ ಆಳನ್ನೂ ಕರೆಯಲಿಲ್ಲ.

ಯಲಹಂಕ ಉಪನಗರ

ಏನು ಹೇಳಬೇಕೆಂದು ತಿಳಿಯುತ್ತಿಲ್ಲ ಅಕ್ಕ. ಪುಸ್ತಕದಲ್ಲಿ ಆಳುಗಳ ಹೆಸರಿಲ್ಲ, ಸಂಖ್ಯೆ ಮಾತ್ರ ಇದೆ.

ದೊಡ್ಡಿ ಮಗಳು

ಎಲೆ ಅಡಿಕೆಯ ಲೆಕ್ಕ ಇದೆಯಲ್ಲ. ಅಷ್ಟನ್ನೂ ಬರೆಯದವರೇ ಹೆಚ್ಚು. ನಿಮ್ಮ ಅಪ್ಪ ಒಳ್ಳೆಯವರಿರಬೇಕು.

ನಿರ್ವಿಷ

ಕೂಲಿ, ಎತ್ತು ಎಲ್ಲ ಸರಿ, ಮೂಲ ಮಾತು ಬಿಟ್ಟಿದ್ದೀರಿ. ಇದು ವಿಷ. ಯುರೋಪಿನವರು ಅಟ್ರಜಿನ್ ನಿಷೇಧಿಸಿ ಇಪ್ಪತ್ತು ವರ್ಷ ದಾಟಿತು. ನಮ್ಮಲ್ಲಿ 2020ರಲ್ಲಿ 27 ಔಷಧಿಗಳನ್ನು ನಿಷೇಧಿಸುವ ಕರಡು ಬಂದಾಗ ಅಟ್ರಜಿನ್, 2,4-ಡಿ, ಪೆಂಡಿಮೆಥಾಲಿನ್ ಎಲ್ಲವೂ ಪಟ್ಟಿಯಲ್ಲಿದ್ದವು. ಕೊನೆಗೆ ಏನಾಯಿತು? ಎಲ್ಲವನ್ನೂ ನಿಲ್ಲಿಸಬೇಕು.

ಅಂಗಡಿ ಕಟ್ಟೆ

ನಿಲ್ಲಿಸಿ. ನಾನು ಬೀಜ, ಗೊಬ್ಬರ ಮಾರಿ ಬದುಕುತ್ತೇನೆ. ಬಿತ್ತಿದ ಹದಿನೈದರಿಂದ ನಲವತ್ತೈದನೆಯ ದಿನದವರೆಗೆ ಕಳೆ ತೆಗೆಯದಿದ್ದರೆ ಬೆಳೆ ಏಳುವುದಿಲ್ಲ. ಆ ಮೂವತ್ತು ದಿನಕ್ಕೆ ರೈತನಿಗೆ ನಿಮ್ಮ ಬಳಿ ಏನಿದೆ? ಕಾಗದದ ಮೇಲೆ ನಿಷೇಧ ಸುಲಭ. ಜೇಕಿನ ಗಡ್ಡೆಗೆ ಓದು ಬರುವುದಿಲ್ಲ.

ನಿರ್ವಿಷ

ನಿಮ್ಮ ವ್ಯಾಪಾರಕ್ಕೆ ನೀವು ಮಾತಾಡುತ್ತೀರಿ.

ಅಂಗಡಿ ಕಟ್ಟೆ

ಮೊದಲ ಸಾಲಿನಲ್ಲೇ ಹೇಳಿದ್ದೇನಲ್ಲ, ಅರ್ಧ ನಂಬಿ ಎಂದು. ಆ ಅರ್ಧಕ್ಕಾದರೂ ಉತ್ತರ ಕೊಡಿ.

ಹಳೇ ಮೇಷ್ಟ್ರು

ಇಬ್ಬರೂ ತುಸು ಕೂರಿ. ಯುರೋಪು ನಿಲ್ಲಿಸಿದ್ದಕ್ಕೆ ಕಾರಣ ಅಂತರ್ಜಲ. ಅಲ್ಲಿ ಯಾವುದೇ ಕೀಟನಾಶಕ, ಕಳೆನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದು. ಅಟ್ರಜಿನ್ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳದೆ ನೀರಿನೊಂದಿಗೆ ಇಳಿಯುತ್ತದೆ, ಆ ಮಿತಿ ದಾಟುತ್ತಿತ್ತು. ಅದೇ ಅಟ್ರಜಿನ್‌ಗೆ ಅಮೆರಿಕದ ಕುಡಿಯುವ ನೀರಿನಲ್ಲಿ ಮಿತಿ 3 ಮೈಕ್ರೋಗ್ರಾಂ. ನಮ್ಮ ಭಾರತೀಯ ಮಾನಕ 10500ರಲ್ಲಿ 2. ಒಂದೇ ಪದಾರ್ಥ, ಮೂರು ಊರಿನಲ್ಲಿ ಮೂರು ಅಳತೆ. ಅಮೆರಿಕದಲ್ಲಿ ಜೋಳದ ಸೀಮೆಯ ನೀರು ಸರಬರಾಜು ಸಂಸ್ಥೆಗಳು ಮೊಕದ್ದಮೆ ಹೂಡಿ, ತಯಾರಕರಾದ ಸಿಂಜೆಂಟಾ 2012ರಲ್ಲಿ 10.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಅಲ್ಲಿ ಔಷಧಿ ಇನ್ನೂ ಮಾರಾಟದಲ್ಲಿದೆ. ಹೀಗೆ ವಿಷ ಹೌದೋ ಅಲ್ಲವೋ ಎಂದು ಒಂದೇ ಏಟಿಗೆ ಹೇಳಿ ಮುಗಿಸುವ ವಿಷಯ ಇದಲ್ಲ.

ಇನ್ನು ಬದುವಿಗೆ ಹೊಡೆದದ್ದು ಗ್ಲೈಫೋಸೇಟ್ ಎಂದು ಊಹಿಸುತ್ತೇನೆ. ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರಿನ ಕೇಂದ್ರ ಅಧಿಸೂಚನೆಯಂತೆ ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ಬಳಸಬೇಕು. ಗ್ಲೈಫೋಸೇಟ್ ತಡೆದುಕೊಳ್ಳುವ ಕುಲಾಂತರಿ ಜೋಳಕ್ಕೂ ಇಲ್ಲಿ ಒಪ್ಪಿಗೆಯಿಲ್ಲ, ಅದನ್ನು ನಮ್ಮ ಜೋಳದ ಮೇಲೆ ಹೊಡೆದರೆ ಜೋಳವೇ ಸಾಯುತ್ತದೆ.

ಹೆಸರಘಟ್ಟ56

ಔಷಧಿ ಇಲ್ಲದೆಯೂ ಕಳೆ ಹತೋಟಿ ಆಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಕಾಂಗ್ರೆಸ್ ಗಿಡ ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬಿಟ್ಟದ್ದು ಇಲ್ಲೇ. ಮಳೆ ಬಿದ್ದ ಮೇಲೆ ಖಾಲಿ ಸೈಟುಗಳಲ್ಲಿ ನೋಡಿ, ಕೆನೆ ಬಣ್ಣದ ಬೆನ್ನಿನ ಮೇಲೆ ಕಪ್ಪು ಗೆರೆ ಇರುವ ಹುಳು ಎಲೆಯನ್ನು ಜಾಲರಿ ಮಾಡಿರುತ್ತದೆ.

ಲೆಕ್ಕಿಗ

ನಾಲ್ಕು ದಶಕ ತಿಂದರೂ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ನನ್ನ ಎದೆಯೆತ್ತರ ಇದೆ. ಆ ಹುಳುವಿಗೆ ಹಸಿವು ಸಾಲದು.

ಹೆಸರಘಟ್ಟ56

ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಮಲಗುತ್ತದೆ, ಗಿಡ ಮಲಗುವುದಿಲ್ಲ. ಸೈಟಿನ ಮಾಲೀಕರೂ ಏಳುವುದಿಲ್ಲ.

ಶಿಡ್ಲಘಟ್ಟ ರೇಷ್ಮೆ

ನನ್ನ ನೋವನ್ನೂ ಕೇಳಿ. ಪಕ್ಕದ ಹೊಲದವರು ಜೋಳಕ್ಕೆ 2,4-ಡಿ ಹೊಡೆದರು, ಗಾಳಿ ನಮ್ಮ ಕಡೆಗಿತ್ತು. ಮೂರನೆಯ ದಿನಕ್ಕೆ ನಮ್ಮ ಹಿಪ್ಪುನೇರಳೆಯ ಚಿಗುರು ಎಲೆಗಳು ಬೀಸಣಿಗೆಯ ಹಾಗೆ ಸುಕ್ಕುಗಟ್ಟಿದವು. ರೇಷ್ಮೆ ಹುಳು ನಾಲ್ಕನೆಯ ಜ್ವರದಲ್ಲಿತ್ತು, ಅಂದರೆ ಪೊರೆ ಬಿಡುತ್ತಿತ್ತು, ಎದ್ದ ಮೇಲೆ ರಾಶಿ ರಾಶಿ ಸೊಪ್ಪು ಬೇಕು. ಆ ಸೊಪ್ಪು ಹಾಕಲು ಧೈರ್ಯ ಬರದೆ ಎರಡು ಪಟ್ಟು ಬೆಲೆ ಕೊಟ್ಟು ಹೊರಗಿನಿಂದ ತಂದೆವು. ಅವರು ಒಳ್ಳೆಯವರೇ, "ಗೊತ್ತಾಗಲಿಲ್ಲ" ಎಂದರು. ದ್ರಾಕ್ಷಿ, ಟೊಮೆಟೊ ಬೆಳೆಯುವವರೂ ಹುಷಾರು, ಅವುಗಳಿಗೂ ಇದು ಹಾಗೆಯೇ ತಾಗುತ್ತದೆ.

ಕುಂಟೆ ಕೂರಿಗೆ

ಬೆಳಗಿನ ಹೊತ್ತು, ಗಾಳಿ ನಿಂತಾಗ ಹೊಡೆಯಬೇಕು. ಆದರೆ ಹೊಡೆಯುವ ಹುಡುಗ ಬರುವುದೇ ಹನ್ನೊಂದಕ್ಕೆ.

ಹಳೇ ಮೇಷ್ಟ್ರು

ಯಲಹಂಕದವರೇ, ಒಂದು ಅನುಮಾನ. ಆ ಪುಸ್ತಕದಲ್ಲಿ ಅವರೆಕಾಯಿ ಮಾರಿದ ಲೆಕ್ಕ ಇದೆಯೇ? ಇದ್ದರೆ ಯಾವ ವರ್ಷದವರೆಗೆ?

ಯಲಹಂಕ ಉಪನಗರ

ಅರ್ಧ ರಾತ್ರಿ ಕೂತು ಹುಡುಕಿದೆ ಮೇಷ್ಟ್ರೇ. ಪ್ರತಿ ವರ್ಷ ಪುಷ್ಯ ಮಾಸದ ಹೊತ್ತಿಗೆ "ಅವರೆಕಾಯಿ, ಸಂತೆ" ಎಂದು ಎರಡು ಮೂರು ಸಾಲು ಇರುತ್ತದೆ. ಅಲಸಂದೆಯೂ ಇದೆ. 2007ರ ಬೆಳೆಯದ್ದೇ ಕೊನೆ. ಆಮೇಲೆ ಇಲ್ಲ. ನಿಮಗೆ ಹೇಗೆ ಗೊತ್ತಾಯಿತು?

ಹಳೇ ಮೇಷ್ಟ್ರು

ಅಕ್ಕಡಿ ಸಾಲು. ನಿಮ್ಮ ಸೀಮೆಯಲ್ಲಿ ರಾಗಿಯ ನಡುವೆ ಅವರೆ, ಅಲಸಂದೆ, ಸಾಸಿವೆ ಹಾಕಿದ ಹಾಗೆ ಜೋಳದ ನಡುವೆಯೂ ಹಾಕುತ್ತಿದ್ದರು. ಅಟ್ರಜಿನ್‌ಗೆ ಅವರೆ ಗಿಡವೂ ಒಂದೇ, ತುಂಬೆ ಗಿಡವೂ ಒಂದೇ. ಪುಡಿ ಬಂದ ವರ್ಷವೇ ಅಕ್ಕಡಿ ಹೋಗಬೇಕು, ಬೇರೆ ದಾರಿಯಿಲ್ಲ. ನಿಮ್ಮ ಅಪ್ಪ ಕೂಲಿ ಉಳಿದ ಲೆಕ್ಕ ಬರೆದರು. ಅವರೆ ಹೋದದ್ದನ್ನು ಎಲ್ಲೂ ಬರೆದಿಲ್ಲ, ಯಾಕೆಂದರೆ ಬಾರದ ದುಡ್ಡಿಗೆ ಸಾಲು ಇರುವುದಿಲ್ಲ.

ಬೆರಕೆ ಸೊಪ್ಪು

ಅಯ್ಯೋ, ಸೊಪ್ಪಿನದೂ ಇದೇ ಕಥೆ. ಮೊದಲು ಕಳೆ ಕೀಳುವ ಹೆಂಗಸರು ಮಡಿಲಲ್ಲಿ ಅಣ್ಣೆ, ಗಣಿಕೆ, ಕೀರೆ, ಗೋಣಿ ತುಂಬಿಕೊಂಡು ಬರುತ್ತಿದ್ದರು, ಅದರಲ್ಲಿ ಒಂದು ಪಾಲು ಸಂತೆಗೆ ಬರುತ್ತಿತ್ತು. ಈಗ ಬೆರಕೆ ಸೊಪ್ಪು ಎಂದು ಕೇಳಿದರೆ ದಂಟು, ಪಾಲಕ್ ಕಟ್ಟಿ ಕೊಡುತ್ತಾರೆ. ಒಂದು ಕೇಳಬೇಕಿತ್ತು: ಪುಡಿ ಹೊಡೆದ ಹೊಲದಲ್ಲಿ ಆಮೇಲೆ ಹುಟ್ಟಿದ ಸೊಪ್ಪನ್ನು ತಿನ್ನಬಹುದೇ?

ಹಳೇ ಮೇಷ್ಟ್ರು

ಬೇಡ ತಾಯಿ. ಔಷಧಿ ಬಿದ್ದ ಹೊಲದ ಕಳೆ ತಿನ್ನಲು ಅಲ್ಲ, ದನಕ್ಕೂ ಹಾಕಬೇಡಿ.

ನಿರ್ವಿಷ

ನೋಡಿದಿರಾ, ಕೊನೆಗೆ ನನ್ನ ಮಾತಿಗೇ ಬಂದಿರಿ.

ಹಳೇ ಮೇಷ್ಟ್ರು

ಅರ್ಧ ದಾರಿ ಬಂದಿದ್ದೇನೆ. ಉಳಿದ ಅರ್ಧಕ್ಕೆ ದೊಡ್ಡಿ ಮಗಳು ಅವರನ್ನು ಕೇಳಿ.

ಯಲಹಂಕ ಉಪನಗರ

ಶನಿವಾರ ಊರಿಗೆ ಹೋಗಿದ್ದೆ. ನಡೆದದ್ದನ್ನು ಬರೆಯುತ್ತೇನೆ.

ಔಷಧಿ ಹೊಡೆಯಲು ಬರುವ ಹುಡುಗನನ್ನು ಕರೆಸಿ, ಹೇಗೆ ಹೊಡೆಯುತ್ತೀಯ ತೋರಿಸು ಎಂದೆ. ಹದಿನಾರು ಲೀಟರಿನ ಟ್ಯಾಂಕು. ಅಳತೆಗೆ ಬಾಟಲಿಯ ಮುಚ್ಚಳ: "ಟ್ಯಾಂಕಿಗೆ ಒಂದು ಮುಚ್ಚಳ, ಹುಲ್ಲು ಜಾಸ್ತಿ ಇದ್ದರೆ ಒಂದೂವರೆ." ಎಕರೆಗೆ ಎಷ್ಟು ಟ್ಯಾಂಕ್ ಎಂದರೆ "ಆರು, ಬಿಸಿಲು ಏರಿದರೆ ಐದು." ನಳಿಕೆಯ ತುದಿ ಬಿಚ್ಚಿ ನೋಡಿದೆ, ಟೊಮೆಟೊಗೆ ಹುಳುವಿನ ಔಷಧಿ ಹೊಡೆಯುವ ಉರುಟಾಗಿ ಹೊಗೆಯಂತೆ ಚಿಮ್ಮುವ ನಾಝಲ್. ಬರೀ ನೀರು ತುಂಬಿಸಿ ಕೊಟ್ಟಿಗೆಯ ಮುಂದಿನ ಸಿಮೆಂಟ್ ನೆಲದ ಮೇಲೆ ಹೊಡೆಸಿದೆ. ಒದ್ದೆಯಾದ ಜಾಗ ಬಳೆ ಬಳೆಯಾಗಿತ್ತು, ನಡುವೆ ಒಣ ನೆಲ. ಹೋದ ವರ್ಷ ಹೊಲದಲ್ಲಿ ಕಳೆ ಉಳಿದದ್ದೂ ಹೀಗೆ ಪಟ್ಟೆ ಪಟ್ಟೆಯಾಗಿ ಎಂದು ಅಪ್ಪನೇ ಹೇಳಿದರು. ಹೇಳಿ ಸುಮ್ಮನಾದರು.

ಅಂಗಡಿ ಕಟ್ಟೆ

ಇದನ್ನೇ ಬಾಯಿ ನೋಯುವಷ್ಟು ಹೇಳುವುದು. ಕಳೆ ಔಷಧಿಗೆ ಬೀಸಣಿಗೆಯಂತೆ ಚಪ್ಪಟೆಯಾಗಿ ಬೀಳುವ ಫ್ಲಾಟ್ ಫ್ಯಾನ್ ನಾಝಲ್ ಬೇಕು. ಬಿತ್ತಿದ ಮೇಲೆ ಹೊಡೆಯುವ ಪುಡಿಗೆ ಎಕರೆಗೆ 200 ಲೀಟರ್ ನೀರು, ಅಂದರೆ ನಿಮ್ಮ ಟ್ಯಾಂಕಿನಲ್ಲಿ ಹನ್ನೆರಡು ಹದಿಮೂರು. ನೆಲದಲ್ಲಿ ಹಸಿ ಇರಬೇಕು, ಒಣ ಮಣ್ಣಿನ ಮೇಲೆ ಹೊಡೆದರೆ ದುಡ್ಡು ಮಣ್ಣುಪಾಲು. ಟೆಂಬೋಟ್ರಯೋನ್ ಎಕರೆಗೆ 115 ಮಿಲಿ, ಕಳೆಗೆ ಎರಡರಿಂದ ನಾಲ್ಕು ಎಲೆ ಇರುವಾಗ. ಅಳೆಯಲು ಮುಚ್ಚಳವಲ್ಲ, ಗೀಟು ಹಾಕಿದ ಅಳತೆಯ ಲೋಟ. ನನ್ನ ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತೇನೆ, ಯಾರೂ ಒಯ್ಯುವುದಿಲ್ಲ. ಸಿಹಿಜೋಳ ಬೆಳೆಯುವವರು ಮಾತ್ರ ಮೊದಲು ತಳಿ ವಿಚಾರಿಸಿ, ಅದರ ಕೆಲವು ತಳಿಗಳು ಈ ಔಷಧಿಯನ್ನು ತಡೆಯುವುದಿಲ್ಲ.

ಲೆಕ್ಕಿಗ

ಹಾಗಾದರೆ "ಸತ್ವ ಹೋಯಿತು" ಎಂಬುದರಲ್ಲಿ ಅರ್ಧ ಪಾಲು ನಾಝಲ್ಲಿನದು. ಇದನ್ನು ಯಾವ ದೇಶದ ಅಂಕಿ ಅಂಶವೂ ಹೇಳುವುದಿಲ್ಲ, ಒಪ್ಪಿದೆ.

ಯಲಹಂಕ ಉಪನಗರ

ಇನ್ನೂ ಇದೆ. ಅಕ್ಕಡಿಯ ಮಾತು ತೆಗೆದೆ. ನೀರು, ಮಣ್ಣು, ಯುರೋಪು ಎಂದು ಅರ್ಧ ಗಂಟೆ ಹೇಳಿದೆ, ಅಪ್ಪ ಆಕಾಶ ನೋಡುತ್ತಿದ್ದರು. ಅವರೆಕಾಯಿಯ ಲೆಕ್ಕದ ಪುಟ ತೆಗೆದು ಮುಂದಿಟ್ಟಾಗ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಆ ವರ್ಷ ನಿನ್ನ ಅಕ್ಕನ ಬಾಣಂತನದ ಖರ್ಚು ಇದರಲ್ಲೇ ಹೋಯಿತು" ಎಂದರು. ಬಾವಿಯ ಪಕ್ಕದ ಅರ್ಧ ಎಕರೆಗೆ ಈ ಸಲ ಪುಡಿ ಬೇಡ, ನಾಲ್ಕು ಸಾಲಿಗೊಂದು ಅವರೆ ಹಾಕೋಣ ಎಂದು ಒಪ್ಪಿದ್ದಾರೆ. ಉಳಿದ ಎರಡೂವರೆ ಎಕರೆ ಮೊದಲಿನಂತೆಯೇ. ಈಗ ಎಡೆ ಹೊಡೆಯಲು ಏನು ಮಾಡಲಿ? ಎತ್ತು ಊರಿನಲ್ಲಿ ಒಂದು ಜೊತೆಯೂ ಇಲ್ಲ.

ಕುಂಟೆ ಕೂರಿಗೆ

ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಪವರ್ ವೀಡರ್ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಸಾಲಿನ ಅಂತರ ಎರಡು ಅಡಿ ಇಡಿ, ಇಲ್ಲದಿದ್ದರೆ ಯಂತ್ರ ಬೇರು ಕತ್ತರಿಸುತ್ತದೆ. ಹದಿನೆಂಟನೆಯ ದಿನ ಒಮ್ಮೆ, ಮೂವತ್ತಕ್ಕೆ ಒಮ್ಮೆ. ಅವರೆ ಬಳ್ಳಿ ಹಬ್ಬಿದ ಮೇಲೆ ಒಳಗೆ ಇಳಿಸಬೇಡಿ.

ಹಳೇ ಮೇಷ್ಟ್ರು

ಕಳೆ ಕೈ ಮೀರಿತು ಎನಿಸಿದರೆ ಜೋಳ ಮತ್ತು ದ್ವಿದಳ ಎರಡೂ ತಡೆಯುವ ಪೆಂಡಿಮೆಥಾಲಿನ್ ಇದೆ. ಆದರೆ ಅದೂ ಬಿತ್ತಿದ ಕೂಡಲೇ, ಮೊಳಕೆ ಬರುವ ಮುನ್ನ ಹೊಡೆಯುವುದು. ಹಾಗಾಗಿ ಈಗಲೇ ತೀರ್ಮಾನಿಸಿಕೊಳ್ಳಿ. ನವೆಂಬರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳಕ್ಕೆ ಅಪ್ಪನನ್ನು ಕರೆದುಕೊಂಡು ಬನ್ನಿ, ಕಳೆ ನಿರ್ವಹಣೆ ವಿಭಾಗದವರ ತಾಕು ಇರುತ್ತದೆ. ಔಷಧಿ ಹೊಡೆದದ್ದು, ಎಡೆ ಹೊಡೆದದ್ದು, ಏನೂ ಮಾಡದೆ ಬಿಟ್ಟದ್ದು ಅಕ್ಕಪಕ್ಕದಲ್ಲೇ ನೋಡಬಹುದು.

ದೊಡ್ಡಿ ಮಗಳು

ಬುಡದ ಕಳೆ ಕೀಳಲು ಇಬ್ಬರು ಬೇಕಾದರೆ ಹೇಳಿ. ನಮ್ಮ ಚಿಕ್ಕಮ್ಮ, ಅವರ ನೆರೆಯವರು ಇದ್ದಾರೆ. ಈಗಿನ ಕೂಲಿ ಕೊಡಬೇಕು, 1997ರದ್ದಲ್ಲ. ಎಲೆ ಅಡಿಕೆ ಬೇರೆ.

ಯಲಹಂಕ ಉಪನಗರ

ಖಂಡಿತ ಅಕ್ಕ. ಈ ಸಲ ಪುಸ್ತಕದಲ್ಲಿ ಅವರ ಹೆಸರನ್ನೂ ಬರೆಯಲು ಅಪ್ಪನಿಗೆ ಹೇಳುತ್ತೇನೆ.

ಹಾವೇರಿಯವನು, ಈಗ ಪೀಣ್ಯ

ಸೈನಿಕ ಹುಳುವಿಗೆ ಏನು ಮಾಡುತ್ತೀರಿ? 2018ರಲ್ಲಿ ಶಿವಮೊಗ್ಗದಲ್ಲಿ ಕಾಣಿಸಿಕೊಂಡಾಗಿನಿಂದ ನಮಗೆ ನಿದ್ದೆಯಿಲ್ಲ.

ಅಂಗಡಿ ಕಟ್ಟೆ

ಅದಕ್ಕೆ ಬೇರೆ ಎಳೆ ತೆಗೆಯಿರಿ. ಇದನ್ನೇ ಓದಿ ಮುಗಿಸಲು ನನಗೆ ಎರಡು ಕಾಫಿ ಬೇಕಾಯಿತು.

ಬೆರಕೆ ಸೊಪ್ಪು

ಯಲಹಂಕದವರೇ, ಬಾವಿ ಪಕ್ಕದ ಅವರೆಕಾಯಿ ಬಿಟ್ಟಾಗ ಇಲ್ಲೇ ಒಂದು ಸಾಲು ಬರೆಯಿರಿ. ಐದು ಕೆಜಿ ನನ್ನದು. ಮುಟ್ಟಿದರೆ ಬೆರಳಿಗೆ ಅಂಟುವ ಸೊಗಡು ಇರಬೇಕು, ಇಲ್ಲದಿದ್ದರೆ ವಾಪಸು ಕಳಿಸುತ್ತೇನೆ.